ಬಸ್ರಾದ ಬಂದರು ಕ್ಲಬ್: ಇರಾಕಿನ ಚಾಂಪಿಯನ್ ತಂಡವೊಂದು ಎರಡನೇ ದರ್ಜೆಗೆ ಇಳಿದ ಬಗೆ

ಕರ್ನಾಟಕದ ಫುಟ್‌ಬಾಲ್ ಪ್ರೇಮಿಗಳಿಗೆ ಇರಾಕಿನ ಕ್ಲಬ್ ಎಂದರೆ ಮೊದಲು ನೆನಪಾಗುವುದು 2016ರ ನವೆಂಬರ್ 5. ಅಂದು ದೋಹಾದಲ್ಲಿ ನಡೆದ, ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಅಂತಿಮ ಪಂದ್ಯದಲ್ಲಿ ಬೆಂಗಳೂರು ಎಫ್‌ಸಿ ತಂಡವು ಇರಾಕಿನ ಅಲ್-ಕುವಾ ಅಲ್-ಜವಿಯಾ ತಂಡಕ್ಕೆ ಒಂದೇ ಗೋಲಿನಿಂದ ಸೋತಿತು. ಗೋಲು ಹೊಡೆದ ಹಮ್ಮಾದಿ ಅಹ್ಮದ್ ಆ ಟೂರ್ನಿಯಲ್ಲಿ ಒಟ್ಟು 16 ಗೋಲು ಗಳಿಸಿದ್ದರು. ಆ ಟೂರ್ನಿಯ ಅಂತಿಮ ಹಂತ ತಲುಪಿದ ಭಾರತದ ಮೊದಲ ಕ್ಲಬ್ ಬೆಂಗಳೂರಿನದು ಎಂಬ ಹೆಮ್ಮೆಯ ನಡುವೆ ಎದುರಾಳಿಯ ಬಗ್ಗೆ ಹೆಚ್ಚಿನವರು ವಿಚಾರಿಸಲಿಲ್ಲ. ಅದು ಇರಾಕಿ ವಾಯುಪಡೆಯ ಕ್ಲಬ್. ತಂಡದ ಹೆಸರೇ ವಾಯುಪಡೆ ಎಂದು.

ಇರಾಕಿನ ಲೀಗ್ ಪಟ್ಟಿಯನ್ನು ನೋಡಿದರೆ ಇಂಥ ಹೆಸರುಗಳೇ ತುಂಬಿವೆ. ಅಲ್-ಶುರ್ತಾ ಪೊಲೀಸರದು, ಅಲ್-ತಲಬಾ ವಿದ್ಯಾರ್ಥಿಗಳದು, ಅಲ್-ನಫ್ತ್ ತೈಲ ಇಲಾಖೆಯದು, ಅಲ್-ಕಹ್ರಬಾ ವಿದ್ಯುತ್ ಇಲಾಖೆಯದು, ಅಲ್-ಹುದೂದ್ ಗಡಿ ಕಾವಲು ಪಡೆಯದು, ಅಮಾನತ್ ಬಗ್ದಾದ್ ರಾಜಧಾನಿಯ ನಗರಾಡಳಿತದ್ದು. ಇವೆಲ್ಲ ಬರಿಯ ಅಲಂಕಾರದ ಹೆಸರುಗಳಲ್ಲ. ತಂಡದ ಮೈದಾನ, ಪ್ರಯಾಣದ ಖರ್ಚು, ಆಟಗಾರರ ಸಂಬಳ ಇವೆಲ್ಲ ಬಹುಮಟ್ಟಿಗೆ ಆಯಾ ಇಲಾಖೆಯ ಕೈಯಲ್ಲೇ ಇರುತ್ತವೆ. ಆದ್ದರಿಂದ ಇರಾಕಿನಲ್ಲಿ ಒಂದು ಕ್ಲಬ್ಬಿನ ಏಳುಬೀಳನ್ನು ಅರ್ಥಮಾಡಿಕೊಳ್ಳಬೇಕಾದರೆ ತರಬೇತುದಾರರ ಹೆಸರುಗಳಿಗಿಂತ ಮೊದಲು ಆ ಕ್ಲಬ್ಬಿನ ಪೋಷಕ ಇಲಾಖೆಗೆ ಆಯಾ ಕಾಲದಲ್ಲಿ ಏನಾಯಿತು ಎಂಬುದನ್ನು ತಿಳಿಯಬೇಕು.

ಇದಕ್ಕೆ ಬಸ್ರಾ ನಗರದ ಅಲ್-ಮೀನಾ, ಅಂದರೆ ಬಂದರು ಕ್ಲಬ್ಬಿನ ಚರಿತ್ರೆಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ವಾಯುಪಡೆಯ ಕ್ಲಬ್ ಹುಟ್ಟಿದ್ದು 1931ರ ಜುಲೈನಲ್ಲಿ, ಬಂದರು ಕ್ಲಬ್ ಹುಟ್ಟಿದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಮೊದಲನೆಯದು 2016, 2017 ಮತ್ತು 2018ರಲ್ಲಿ ಸತತ ಮೂರು ಬಾರಿ ಎಎಫ್‌ಸಿ ಕಪ್ ಗೆದ್ದಿತು. ಒಮ್ಮೆ ರಾಷ್ಟ್ರದ ಚಾಂಪಿಯನ್ ಆಗಿದ್ದ ಎರಡನೆಯದು 2022ರಲ್ಲಿ ಎರಡನೇ ದರ್ಜೆಗೆ ಇಳಿಯಿತು.

ಬಸ್ರಾ ಸಮುದ್ರ ತೀರದ ಊರಲ್ಲ. ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳು ಕುರ್ನಾದ ಬಳಿ ಸೇರಿ ಶತ್ ಅಲ್-ಅರಬ್ ಆಗಿ ಹರಿಯುತ್ತವೆ. ಆ ನದಿಯ ದಂಡೆಯಲ್ಲಿ, ಪರ್ಷಿಯನ್ ಕೊಲ್ಲಿಯಿಂದ ಸಾಕಷ್ಟು ಒಳಗೆ ಬಸ್ರಾ ಇದೆ. 1914ರ ನವೆಂಬರ್‌ನಲ್ಲಿ ಬ್ರಿಟಿಷ್ ಭಾರತದ ಸೇನೆ ಫಾವ್ ಎಂಬಲ್ಲಿ ಇಳಿದು ಅದೇ ತಿಂಗಳಲ್ಲಿ ಬಸ್ರಾವನ್ನು ವಶಪಡಿಸಿಕೊಂಡಿತು. ಮುಂದೆ ಬಗ್ದಾದಿನತ್ತ ಸಾಗಬೇಕಿದ್ದ ಆ ಸೇನೆಗೆ ದೊಡ್ಡ ಹಡಗುಗಳು ನಿಲ್ಲುವ ಕಟ್ಟೆಗಳು ಬೇಕಾದವು. ಹಳೆಯ ಊರಿನಿಂದ ತುಸು ಮೇಲಕ್ಕೆ ಮಾಕಿಲ್ ಎಂಬಲ್ಲಿ ಅವು ಕಟ್ಟಲ್ಪಟ್ಟಾಗ ದುಡಿದವರಲ್ಲಿ ಭಾರತದಿಂದ ಹೋದ ಕೂಲಿಗಳೂ ಗುಮಾಸ್ತರೂ ಬಹಳ ಮಂದಿ ಇದ್ದರು. 1932ರಲ್ಲಿ ಇರಾಕಿ ದಿನಾರ್ ಬರುವವರೆಗೆ ಅಲ್ಲಿ ನಡೆಯುತ್ತಿದ್ದುದು ಭಾರತದ ರೂಪಾಯಿಯೇ.

ಯುದ್ಧ ಮುಗಿದ ಮೇಲೆ ಮಾಕಿಲ್ ಬಂದರು ಇಲಾಖೆಯ ಊರಾಗಿ ಬೆಳೆಯಿತು. ಅಧಿಕಾರಿಗಳ ಬಂಗಲೆ, ನೌಕರರ ವಸತಿ, ರೈಲು ನಿಲ್ದಾಣ ಇವೆಲ್ಲ ಅಲ್ಲಿದ್ದವು. 1930ರ ದಶಕದ ಕೊನೆಗೆ ಬಸ್ರಾದ ವಿಮಾನ ನಿಲ್ದಾಣವನ್ನೂ ಅದರ ಹೋಟೆಲನ್ನೂ ಕಟ್ಟಿದ್ದು ಇದೇ ಇಲಾಖೆ. ಬ್ರಿಟಿಷ್ ಸೈನಿಕರು, ನಾವಿಕರು ಮತ್ತು ಸಿಬ್ಬಂದಿ ತಂದ ಫುಟ್‌ಬಾಲ್ ಹೀಗೆ ಸಂಬಳ, ಬಿಡುವು ಮತ್ತು ಬಯಲು ಮೂರೂ ಇದ್ದ ಜಾಗದಲ್ಲಿ ಬೇರೂರಿತು. ಬಂದರಿನ ನೌಕರರು ಕ್ಲಬ್ ಕಟ್ಟಿದಾಗ ಇರಾಕ್ ಇನ್ನೂ ಸ್ವತಂತ್ರ ರಾಷ್ಟ್ರವಾಗಿರಲಿಲ್ಲ; ಬ್ರಿಟಿಷ್ ಆಡಳಿತಾಧಿಕಾರ ಕೊನೆಗೊಂಡದ್ದು 1932ರ ಅಕ್ಟೋಬರ್‌ನಲ್ಲಿ. ಇರಾಕಿನ ಫುಟ್‌ಬಾಲ್ ಸಂಸ್ಥೆಯಂತೂ ಸ್ಥಾಪನೆಯಾದದ್ದು 1948ರಲ್ಲಿ. ದೇಶಕ್ಕಿಂತಲೂ ಅದರ ಫುಟ್‌ಬಾಲ್ ಆಡಳಿತಕ್ಕಿಂತಲೂ ಈ ಕ್ಲಬ್ ಹಳೆಯದು ಎಂಬುದನ್ನು ಬಸ್ರಾದವರು ಮರೆಯುವುದಿಲ್ಲ.

ಬಹುಕಾಲ ಇರಾಕಿನಲ್ಲಿ ರಾಷ್ಟ್ರಮಟ್ಟದ ಲೀಗ್ ಇರಲಿಲ್ಲ. ಬಗ್ದಾದಿಗೊಂದು, ಬಸ್ರಾಕ್ಕೊಂದು, ಕಿರ್ಕುಕ್‌ಗೊಂದು ಎಂದು ಪ್ರಾದೇಶಿಕ ಲೀಗ್‌ಗಳು ನಡೆಯುತ್ತಿದ್ದವು. ಅವುಗಳಲ್ಲಿ ಆಡುತ್ತಿದ್ದವು ಸೇನೆಯ ವಿಭಾಗಗಳು, ಪೊಲೀಸ್ ಶಾಲೆಗಳು, ರೈಲ್ವೆ, ಸಾರಿಗೆ ಮುಂತಾದ ಸಂಸ್ಥೆಗಳ ತಂಡಗಳು. ಪೊಲೀಸ್ ಇಲಾಖೆಯೊಂದಕ್ಕೇ ಹಲವು ತಂಡಗಳಿದ್ದವು. 1974ರಲ್ಲಿ ಫುಟ್‌ಬಾಲ್ ಸಂಸ್ಥೆ ಈ ವ್ಯವಸ್ಥೆಯನ್ನು ಬದಲಿಸಿ, ಕ್ಲಬ್‌ಗಳಿಗೆ ಮಾತ್ರ ಅವಕಾಶವಿರುವ ರಾಷ್ಟ್ರೀಯ ಲೀಗ್ ಆರಂಭಿಸಿತು. ಪೊಲೀಸರ ತಂಡಗಳೆಲ್ಲ ಸೇರಿ ಅಲ್-ಶುರ್ತಾ ಆದವು. ವಾಯುಪಡೆಯ ತಂಡ ಅಲ್-ತಯರಾನ್ ಎಂಬ ಹೆಸರಿನಲ್ಲಿ ಆಡಿ ಮೊದಲ ಪ್ರಶಸ್ತಿಯನ್ನು ಗೆದ್ದಿತು. ಕಾಗದದ ಮೇಲೆ ಇದು ಸಂಸ್ಥೆಗಳಿಂದ ಕ್ಲಬ್‌ಗಳಿಗೆ ಆದ ಬದಲಾವಣೆ. ವಾಸ್ತವದಲ್ಲಿ ಹಣ ಕೊಡುವವರು ಬದಲಾಗಲಿಲ್ಲ. ಈ ಒಂದು ಸಂಗತಿಯನ್ನು ಹಿಡಿದುಕೊಂಡರೆ ಮುಂದಿನ ಐವತ್ತು ವರ್ಷಗಳ ಕಥೆ ಬಹುಪಾಲು ಬಿಡಿಸಿಕೊಳ್ಳುತ್ತದೆ.

ಆ ಹೊತ್ತಿಗೆ ಬಸ್ರಾದ ಬಂದರಿನ ನಸೀಬು ಚೆನ್ನಾಗಿತ್ತು. 1973ರ ನಂತರ ತೈಲದ ಬೆಲೆ ಹಲವು ಪಟ್ಟು ಏರಿ, ಇರಾಕ್ ಸಿಮೆಂಟಿನಿಂದ ಯಂತ್ರಗಳವರೆಗೆ ಎಲ್ಲವನ್ನೂ ಆಮದು ಮಾಡಿಕೊಳ್ಳತೊಡಗಿತು. 1975ರಲ್ಲಿ ಇರಾನಿನೊಡನೆ ಆದ ಅಲ್ಜೀರ್ಸ್ ಒಪ್ಪಂದದಿಂದ ಶತ್ ಅಲ್-ಅರಬ್‌ನ ಗಡಿ ವಿವಾದ ತತ್ಕಾಲಕ್ಕೆ ತಣ್ಣಗಾಯಿತು. ಸರಕು ಇಳಿಸಲು ಹಡಗುಗಳು ಸರದಿಯಲ್ಲಿ ಕಾಯುತ್ತಿದ್ದ ಕಾಲವದು. ಹಾದಿ ಅಹ್ಮದ್, ಜಲೀಲ್ ಹನೂನ್ ಮುಂತಾದ ರಾಷ್ಟ್ರೀಯ ತಂಡದ ಆಟಗಾರರಿದ್ದ ಅಲ್-ಮೀನಾ 1977-78ರ ಲೀಗ್ ಗೆದ್ದಿತು. ಬಗ್ದಾದಿನ ಹೊರಗಿನ ಕ್ಲಬ್ಬೊಂದು ಇರಾಕಿನ ಚಾಂಪಿಯನ್ ಆದದ್ದು ಅದೇ ಮೊದಲು.

ಆ ಗೆಲುವಿನ ತೂಕವನ್ನು ಅರಿಯಲು ನಂತರದ ಪಟ್ಟಿಯನ್ನೂ ನೋಡಬೇಕು. ಬಸ್ರಾದ ಬಳಿಕ ರಾಜಧಾನಿಯ ಹೊರಗೆ ಪ್ರಶಸ್ತಿ ಹೋದದ್ದು 1983ರಲ್ಲಿ ತಿಕ್ರಿತ್‌ನ ಸಲಾಹುದ್ದೀನ್ ಕ್ಲಬ್ಬಿಗೆ. ಅದಾದ ಮೇಲೆ 2007ರಲ್ಲಿ ಎರ್ಬಿಲ್ ಗೆಲ್ಲುವವರೆಗೆ ಎರಡು ದಶಕಕ್ಕೂ ಮಿಕ್ಕಿ ಯಾರಿಗೂ ಸಾಧ್ಯವಾಗಲಿಲ್ಲ. ಸಚಿವಾಲಯಗಳು, ಸೇನೆಯ ಕೇಂದ್ರ ಕಚೇರಿಗಳು, ವಿಶ್ವವಿದ್ಯಾಲಯಗಳು ಎಲ್ಲವೂ ಬಗ್ದಾದಿನಲ್ಲಿರುವಾಗ ಅವುಗಳ ಕ್ಲಬ್‌ಗಳೂ ಅಲ್ಲೇ ಬಲಿಯುವುದು ಸಹಜ. ಪ್ರಾಂತ್ಯದಲ್ಲಿದ್ದೂ ಕೇಂದ್ರದಷ್ಟೇ ಹಣ ಮತ್ತು ಹಿಡಿತ ಹೊಂದಿದ್ದ ಅಪರೂಪದ ಇಲಾಖೆ ಬಂದರಿನದು. ಬಸ್ರಾದ ಮಕ್ಕಳ ಆಟದ ಚಾತುರ್ಯವನ್ನು ನಾನು ಕಡಿಮೆ ಮಾಡುತ್ತಿಲ್ಲ. ಆ ಚಾತುರ್ಯ ಮೊದಲೂ ಇತ್ತು, ಆಮೇಲೂ ಉಳಿಯಿತು. ಅದನ್ನು ಊರಿನಲ್ಲೇ ಇರಿಸಿಕೊಳ್ಳುವ ಶಕ್ತಿ ಮಾತ್ರ ಕೆಲವೇ ವರ್ಷ ಇತ್ತು.

1980ರ ಸೆಪ್ಟೆಂಬರ್‌ನಲ್ಲಿ ಇರಾನ್-ಇರಾಕ್ ಯುದ್ಧ ಆರಂಭವಾದಾಗ ಮೊದಲು ಮುಚ್ಚಿದ್ದು ಶತ್ ಅಲ್-ಅರಬ್. ಆ ನದಿಯೇ ಎರಡು ದೇಶಗಳ ನಡುವಿನ ಗಡಿ. ಬೇರೆ ಬೇರೆ ದೇಶಗಳ ಹತ್ತಾರು ಹಡಗುಗಳು ಹೊರಬರಲಾಗದೆ ಅಲ್ಲೇ ಸಿಕ್ಕಿಕೊಂಡವು, ಕೆಲವು ಮುಳುಗಿದವು, ಮಾಕಿಲ್‌ನ ಕಟ್ಟೆಗಳು ಖಾಲಿಯಾದವು. 1986ರ ಫೆಬ್ರವರಿಯಲ್ಲಿ ಇರಾನ್ ಫಾವ್ ಪಟ್ಟಣವನ್ನು ಹಿಡಿಯಿತು. 1987ರ ಆರಂಭದಲ್ಲಿ ಬಸ್ರಾದ ಹೊಸ್ತಿಲಿನಲ್ಲೇ ಆ ಯುದ್ಧದ ಅತ್ಯಂತ ಘೋರ ಕಾಳಗಗಳಲ್ಲಿ ಒಂದು ನಡೆಯಿತು. ಊರಿನ ಮೇಲೆ ವರ್ಷಗಟ್ಟಲೆ ಫಿರಂಗಿ ಗುಂಡುಗಳು ಬೀಳುತ್ತಿದ್ದಾಗಲೂ ದೇಶದ ಲೀಗ್ ನಡೆಯುತ್ತಿತ್ತು. ಕ್ಲಬ್ ಉಳಿಯಿತು, ಆದರೆ ಅದನ್ನು ಹೊತ್ತ ಇಲಾಖೆಯ ಆದಾಯದ ಬೇರೇ ಕಡಿದುಹೋಗಿತ್ತು. ಎಂಟು ವರ್ಷಗಳ ಬಳಿಕ ಯುದ್ಧ ನಿಂತರೂ ನದಿಯ ತಳದಲ್ಲಿ ಹೂಳು ಮತ್ತು ಹಡಗುಗಳ ಅವಶೇಷ ಉಳಿದವು; ದೇಶದ ಕಡಲ ವ್ಯಾಪಾರದ ಭಾರ ಸಮುದ್ರಕ್ಕೆ ಹತ್ತಿರವಾದ ಉಮ್ಮ್ ಕಸರ್ ಬಂದರಿಗೆ ಸರಿಯಿತು.

ಅದೇ ದಶಕದಲ್ಲಿ ಬಗ್ದಾದಿನಲ್ಲಿ ಇನ್ನೊಂದು ಬಗೆಯ ಪೋಷಣೆ ತಲೆಯೆತ್ತಿತು. ಸದ್ದಾಂ ಹುಸೇನರ ಹಿರಿಯ ಮಗ ಉದಯ್ 1983ರಲ್ಲಿ ಅಲ್-ರಶೀದ್ ಎಂಬ ಕ್ಲಬ್ ಹುಟ್ಟುಹಾಕಿದ. ಮರುವರ್ಷ ಇರಾಕಿನ ಒಲಿಂಪಿಕ್ ಸಮಿತಿಯೂ ಅವನ ಕೈಗೆ ಬಂತು. ದೇಶದ ಅತ್ಯುತ್ತಮ ಆಟಗಾರರು ಬೇರೆ ಬೇರೆ ಕ್ಲಬ್‌ಗಳಿಂದ ಅಲ್ಲಿಗೆ ಸೇರಿದರು. 1986ರ ವಿಶ್ವಕಪ್‌ನಲ್ಲಿ ಬೆಲ್ಜಿಯಂ ವಿರುದ್ಧ ಗೋಲು ಹೊಡೆದ ಅಹ್ಮದ್ ರಾದಿ ಝವ್ರಾ ಕ್ಲಬ್ಬಿನಿಂದ ಬಂದವರು. ವಿಶ್ವಕಪ್ ಇತಿಹಾಸದಲ್ಲಿ ಇರಾಕಿನ ಮೊದಲ ಗೋಲು ಅದು. ಅಲ್-ರಶೀದ್ 1987ರಿಂದ 1989ರವರೆಗೆ ಸತತ ಮೂರು ಲೀಗ್ ಪ್ರಶಸ್ತಿ, 1985ರಿಂದ 1987ರವರೆಗೆ ಸತತ ಮೂರು ಅರಬ್ ಕ್ಲಬ್ ಪ್ರಶಸ್ತಿ ಗೆದ್ದು, 1989ರಲ್ಲಿ ಏಷ್ಯಾದ ಕ್ಲಬ್ ಚಾಂಪಿಯನ್‌ಷಿಪ್‌ನ ಅಂತಿಮ ಹಂತ ತಲುಪಿ ಕತಾರಿನ ಅಲ್-ಸದ್ ಎದುರು ಹೊರನೆಲದ ಗೋಲಿನ ಲೆಕ್ಕದಲ್ಲಿ (ಎರಡು ಪಂದ್ಯಗಳ ಒಟ್ಟು ಗೋಲು ಸಮವಾದಾಗ ಎದುರಾಳಿಯ ನೆಲದಲ್ಲಿ ಹೆಚ್ಚು ಗೋಲು ಹೊಡೆದವರು ಗೆಲ್ಲುವ ನಿಯಮ) ಸೋತಿತು. 1990ರಲ್ಲಿ ಅದನ್ನು ವಿಸರ್ಜಿಸಲಾಯಿತು. ಹುಟ್ಟಿದ ಏಳೇ ವರ್ಷಕ್ಕೆ ದೇಶದ ಬಲಿಷ್ಠ ಕ್ಲಬ್ ಇಲ್ಲವಾಯಿತು.

ಸೋತ ಆಟಗಾರರನ್ನು ಉದಯ್ ಸೆರೆಯಲ್ಲಿಟ್ಟು ಹೊಡೆಸುತ್ತಿದ್ದ ಸಂಗತಿಯನ್ನು ಹಲವು ಆಟಗಾರರು ನಂತರ ಬಹಿರಂಗವಾಗಿ ಹೇಳಿದ್ದಾರೆ. ಆ ಕಾಲದ ಇರಾಕಿ ಫುಟ್‌ಬಾಲ್‌ನ ಸಾಧನೆಗಳನ್ನು ಬರೆಯುವಾಗ ಅದನ್ನು ಬದಿಗಿಡಲಾಗದು.

1983ರ ಚಾಂಪಿಯನ್ ಸಲಾಹುದ್ದೀನ್ ಕ್ಲಬ್ಬಿನ ಗತಿಯೂ ಇಲ್ಲಿ ಗಮನಾರ್ಹ. ಅದು ಸದ್ದಾಂ ಹುಸೇನರ ತವರು ಪ್ರಾಂತ್ಯದ ಕ್ಲಬ್. ಮುಂದೆ ಅದು ಕೆಳದರ್ಜೆಗಳಿಗೆ ಜಾರಿತು. ಅದರ ಊರಾದ ತಿಕ್ರಿತ್ 2014ರ ಜೂನ್‌ನಿಂದ ಮರುವರ್ಷದ ಮಾರ್ಚ್ ಅಂತ್ಯದವರೆಗೆ ಐಸಿಸ್ ಹಿಡಿತದಲ್ಲಿತ್ತು. ಒಂದು ಊರೇ ಖಾಲಿಯಾದಾಗ ಅದರ ಕ್ಲಬ್ ಯಾವ ದರ್ಜೆಯಲ್ಲಿದೆ ಎಂಬ ಪ್ರಶ್ನೆಗೆ ಅರ್ಥವೇ ಉಳಿಯುವುದಿಲ್ಲ. ಮೋಸುಲ್ ಮತ್ತು ಅನ್ಬಾರ್ ಪ್ರಾಂತ್ಯದ ಕ್ಲಬ್‌ಗಳೂ ಆ ವರ್ಷಗಳಲ್ಲಿ ಇದೇ ಸ್ಥಿತಿಯಲ್ಲಿದ್ದವು.

ಬಸ್ರಾದ ಕಡೆಗೆ ಮರಳಿದರೆ, 1990ರ ಆಗಸ್ಟ್‌ನಲ್ಲಿ ಕುವೈತ್ ಆಕ್ರಮಣವಾಗಿ ವಿಶ್ವಸಂಸ್ಥೆಯ ನಿರ್ಬಂಧಗಳು ಬಂದವು. 1991ರ ಮಾರ್ಚ್‌ನಲ್ಲಿ ಸರ್ಕಾರದ ವಿರುದ್ಧದ ದಂಗೆ ಬಸ್ರಾದಲ್ಲೇ ಆರಂಭವಾಗಿ, ಕ್ರೂರವಾಗಿ ಅಡಗಿಸಲ್ಪಟ್ಟಿತು. ದಿನಾರ್ ಬೆಲೆ ಕುಸಿದ ಆ ಹದಿಮೂರು ವರ್ಷಗಳಲ್ಲಿ ಸರ್ಕಾರಿ ಸಂಬಳವೆಂಬುದು ಹೆಸರಿಗಷ್ಟೇ ಉಳಿದಿತ್ತು. ಹೊರದೇಶಕ್ಕೆ ಹೋಗಬಲ್ಲ ಆಟಗಾರರು ಹೋದರು. ಉಳಿದವರು ಆಡುತ್ತಲೇ ಇದ್ದರು, ಲೀಗ್ ನಡೆಯುತ್ತಲೇ ಇತ್ತು. ಬೇರೆ ಮನರಂಜನೆ ಕೈಗೆಟುಕದ ನಾಡಿನಲ್ಲಿ ಅದು ಜನರಿಗೆ ಉಳಿದಿದ್ದ ದೊಡ್ಡ ಸಮಾಧಾನ.

2003ರ ಅಮೆರಿಕ ನೇತೃತ್ವದ ದಾಳಿಯಿಂದ ಆ ವರ್ಷದ ಲೀಗ್ ಅರ್ಧಕ್ಕೇ ನಿಂತಿತು. ನಂತರದ ಕೆಲವು ವರ್ಷ ಹೆದ್ದಾರಿಗಳಲ್ಲಿ ಪ್ರಯಾಣವೇ ಪ್ರಾಣಾಪಾಯವಾಗಿದ್ದರಿಂದ, ಕ್ಲಬ್‌ಗಳನ್ನು ಪ್ರದೇಶವಾರು ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿನ ಮೊದಲಿನವರನ್ನು ಮುಂದಿನ ಸುತ್ತಿಗೆ ಕಳುಹಿಸುವ ಪದ್ಧತಿ ಬಂತು. ಆ ಪದ್ಧತಿಯಲ್ಲಿ ಪ್ರಾಂತ್ಯದ ಕ್ಲಬ್‌ಗಳಿಗೆ ದಾರಿಯೊಂದು ತೆರೆಯಿತು ಎಂಬುದು ನನ್ನ ಅಭಿಪ್ರಾಯ. 2004-05ರಲ್ಲಿ ಅಲ್-ಮೀನಾ ಅಂತಿಮ ಪಂದ್ಯ ತಲುಪಿತು. ಅಲ್ಲಿ ಅದನ್ನು ಸೋಲಿಸಿದ್ದು ವಾಯುಪಡೆಯ ಕ್ಲಬ್. ಎರಡನೇ ಸ್ಥಾನದ ಬಲದಿಂದ ಬಸ್ರಾದವರು 2006ರ ಏಷ್ಯಾ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದರು. ಮರುವರ್ಷದ ಜುಲೈ 29ರಂದು ಜಕಾರ್ತಾದಲ್ಲಿ ಯೂನಿಸ್ ಮಹಮೂದ್ ಅವರ ಗೋಲಿನಿಂದ ಇರಾಕ್ ಏಷ್ಯಾ ಕಪ್ ಗೆದ್ದಿತು. ಆ ಯೂನಿಸ್ ಕೂಡ ಆಟ ಆರಂಭಿಸಿದ್ದು ಕಿರ್ಕುಕ್ ಪ್ರಾಂತ್ಯದ ಸಣ್ಣ ಕ್ಲಬ್‌ಗಳಲ್ಲೇ.

ಇಲ್ಲಿಂದ ಮುಂದೆ ಪೋಷಕರ ನಕ್ಷೆಯೇ ಬದಲಾಯಿತು. ಕುರ್ದಿಸ್ತಾನದ ಪ್ರಾದೇಶಿಕ ಸರ್ಕಾರ ಗಟ್ಟಿಯಾಗಿ ಎರ್ಬಿಲ್ 2007ರಿಂದ 2009ರವರೆಗೆ ಮೂರು ಬಾರಿ, 2010ರಲ್ಲಿ ದುಹೋಕ್ ಒಮ್ಮೆ ಪ್ರಶಸ್ತಿ ಗೆದ್ದವು. ಇರಾಕ್ ಸರ್ಕಾರದ ಆದಾಯದ ತೊಂಬತ್ತು ಶೇಕಡಾಕ್ಕಿಂತ ಹೆಚ್ಚು ತೈಲದಿಂದ ಬರುವಾಗ, ತೈಲ ಸಚಿವಾಲಯದ ಕಂಪನಿಗಳು ಕಟ್ಟಿದ ಕ್ಲಬ್‌ಗಳು ಮೇಲೇರಿದವು: ಅಮಾರಾದಲ್ಲಿ ನಫ್ತ್ ಮೈಸಾನ್, ನಜಫ್‌ನಲ್ಲಿ ನಫ್ತ್ ಅಲ್-ವಸತ್. 2008ರಲ್ಲಿ ಹುಟ್ಟಿದ ನಫ್ತ್ ಅಲ್-ವಸತ್ 2015ರಲ್ಲೇ ದೇಶದ ಚಾಂಪಿಯನ್ ಆಯಿತು. ಬಸ್ರಾದಲ್ಲೂ ತೈಲದ ಕ್ಲಬ್ ಇದೆ. ಮೊದಲು ನಫ್ತ್ ಅಲ್-ಜನೂಬ್ ಎನಿಸಿಕೊಂಡಿದ್ದ ಅದು ಈಗ ನಫ್ತ್ ಅಲ್-ಬಸ್ರಾ. ದೇಶದ ಬಹುಪಾಲು ತೈಲ ತೆಗೆಯುವ ಪ್ರಾಂತ್ಯದಲ್ಲಿ ತೈಲ ಕಂಪನಿಯ ಬೆನ್ನಿಗಿರುವ ಹಣಕ್ಕೆ ಹಳೆಯ ಬಂದರು ಸಮವಾಗಲಾರದು. ಅಭಿಮಾನಿಗಳ ಸಂಖ್ಯೆಯಲ್ಲಿ ಮಾತ್ರ ಲೆಕ್ಕ ತಿರುವುಮುರುವು. ಬಸ್ರಾದ ಬೀದಿಗಳಲ್ಲಿ ಜನ ತಮ್ಮದೆನ್ನುವುದು ಅಲ್-ಮೀನಾವನ್ನೇ.

2021-22ರ ಋತುವಿನ ಕೊನೆಗೆ ಇಪ್ಪತ್ತು ತಂಡಗಳ ಮೇಲ್ದರ್ಜೆಯಿಂದ ಅಲ್-ಮೀನಾ ಹಿಂಬಡ್ತಿ ಪಡೆಯಿತು. ತೈಲದ ಕ್ಲಬ್ ಮೇಲೆಯೇ ಉಳಿಯಿತು. ಅಲ್-ಮೀನಾ ಕೆಳಗಿಳಿದ ಮರು ಋತುವಿನಲ್ಲೇ ಊರಿಗೆ ದೊಡ್ಡ ಹಬ್ಬವೊಂದು ಬಂದದ್ದು ಅಭಿಮಾನಿಗಳಿಗೆ ಕಷ್ಟದ ಸಂಗತಿಯಾಗಿದ್ದಿರಬೇಕು. ಹಿಂದೆ ಎರಡು ಬಾರಿ ಬಸ್ರಾಕ್ಕೆ ನಿಗದಿಯಾಗಿ ಬೇರೆ ದೇಶಗಳ ಪಾಲಾಗಿದ್ದ ಅರಬ್ಬೀ ಗಲ್ಫ್ ಕಪ್, 2023ರ ಜನವರಿಯಲ್ಲಿ ಕೊನೆಗೂ ಅಲ್ಲಿ ನಡೆಯಿತು. ಇರಾಕಿನ ನೆಲದಲ್ಲಿ ಆ ಟೂರ್ನಿ 1979ರ ನಂತರ ನಡೆದದ್ದು ಅದೇ. ಪಂದ್ಯಗಳು ನಡೆದದ್ದು ಎರಡು ಕ್ರೀಡಾಂಗಣಗಳಲ್ಲಿ: 2013ರಲ್ಲಿ ತೆರೆದ, 65,000 ಜನ ಹಿಡಿಸುವ ಬಸ್ರಾ ಅಂತರರಾಷ್ಟ್ರೀಯ ಕ್ರೀಡಾಂಗಣ, ಮತ್ತು ಕೆಲವೇ ವಾರಗಳ ಹಿಂದೆ ಉದ್ಘಾಟನೆಯಾಗಿದ್ದ 30,000 ಆಸನಗಳ ಅಲ್-ಮೀನಾ ಒಲಿಂಪಿಕ್ ಕ್ರೀಡಾಂಗಣ. ಜನವರಿ 19ರ ಅಂತಿಮ ಪಂದ್ಯದಲ್ಲಿ ಇರಾಕ್ ಹೆಚ್ಚುವರಿ ಸಮಯದಲ್ಲಿ ಒಮಾನನ್ನು 3-2ರಿಂದ ಸೋಲಿಸಿತು; ಅದೇ ದಿನ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ ಸಾವುಗಳೂ ಸಂಭವಿಸಿದವು. ಕ್ಲಬ್ಬಿನ ಹೆಸರು ಹೊತ್ತ ಹೊಸ ಕ್ರೀಡಾಂಗಣದಲ್ಲಿ ಗಲ್ಫ್ ರಾಷ್ಟ್ರಗಳು ಆಡುತ್ತಿದ್ದಾಗ ಕ್ಲಬ್ ಮಾತ್ರ ಎರಡನೇ ದರ್ಜೆಯಲ್ಲಿತ್ತು.

ಎರಡನೇ ದರ್ಜೆಗೆ ಇಳಿಯುವುದೆಂದರೆ ಬರಿಯ ಮಾನದ ಪ್ರಶ್ನೆಯಲ್ಲ. ನೇರ ಪ್ರಸಾರ, ಪ್ರಾಯೋಜಕರು, ಏಷ್ಯಾ ಮಟ್ಟದ ಅವಕಾಶ ಎಲ್ಲವೂ ಮೇಲಿನ ದರ್ಜೆಯ ಸುತ್ತಲೇ ಇವೆ. ಹೆಸರಾಂತ ಆಟಗಾರರು ಬಿಟ್ಟುಹೋದರೆ ಅವರ ಜಾಗಕ್ಕೆ ಊರಿನ ಎಳೆಯರನ್ನೇ ಇಳಿಸಬೇಕು. ಇಲಾಖೆಯ ಅಧಿಕಾರಿಗಳಿಗೂ ಕೆಳದರ್ಜೆಯ ತಂಡಕ್ಕೆ ಖರ್ಚು ಮಾಡುವುದನ್ನು ಸಮರ್ಥಿಸಿಕೊಳ್ಳುವುದು ಸುಲಭವಲ್ಲ. ಹೀಗೆ ಇಳಿದ ಹಲವು ಕ್ಲಬ್‌ಗಳು ಬಹುಕಾಲ ಅಲ್ಲೇ ಉಳಿಯುತ್ತವೆ. ಅಲ್-ಮೀನಾ ಒಂದೇ ಋತುವಿನಲ್ಲಿ ಮರಳಿತು. 2023-24ರಲ್ಲಿ ಅದು ಅಮಾನತ್ ಬಗ್ದಾದ್ ಜೊತೆ ಮತ್ತೆ ಮೇಲ್ದರ್ಜೆಯಲ್ಲಿತ್ತು.

ಆ ಮೇಲ್ದರ್ಜೆಯೂ ಅಷ್ಟರಲ್ಲಿ ಹೊಸ ರೂಪ ತಾಳಿತ್ತು. ಇರಾಕಿನ ಫುಟ್‌ಬಾಲ್ ಸಂಸ್ಥೆ ಸ್ಪೇನಿನ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಲಾ ಲಿಗಾ ಜೊತೆ ಒಪ್ಪಂದ ಮಾಡಿಕೊಂಡು 2023ರಲ್ಲಿ ಇರಾಕ್ ಸ್ಟಾರ್ಸ್ ಲೀಗ್ ಆರಂಭಿಸಿತು. ಹಿಂದೆ ಮೇಲ್ದರ್ಜೆಗಿದ್ದ ‘ಪ್ರೀಮಿಯರ್’ ಎಂಬ ಹೆಸರು ಎರಡನೇ ದರ್ಜೆಗೆ ಬಂತು. ‘ಫಸ್ಟ್ ಡಿವಿಷನ್’ ಮೂರನೆಯದಕ್ಕೆ ಇಳಿಯಿತು. ಹಳೆಯ ಫಲಿತಾಂಶಗಳನ್ನು ಓದುವವರು ಇದನ್ನು ನೆನಪಿಡದಿದ್ದರೆ, 2015ರ ‘ಪ್ರೀಮಿಯರ್’ ತಂಡವನ್ನೂ 2024ರ ‘ಪ್ರೀಮಿಯರ್’ ತಂಡವನ್ನೂ ಒಂದೇ ಮಟ್ಟದವೆಂದು ತಪ್ಪು ತಿಳಿಯುವ ಸಾಧ್ಯತೆ ಇದೆ.

ಹೆಸರು ಬದಲಿಸಿದಷ್ಟು ಸುಲಭವಾಗಿ ಹಣದ ಮೂಲ ಬದಲಾಗುವುದಿಲ್ಲ. ಇರಾಕಿನ ಕ್ಲಬ್‌ಗಳು ಇಂದಿಗೂ 1986ರ ಕ್ರೀಡಾ ಕ್ಲಬ್ ಕಾನೂನಿನ ಚೌಕಟ್ಟಿನಲ್ಲೇ ನಡೆಯುತ್ತಿವೆ. ಅದರಂತೆ ಕ್ಲಬ್ ಎಂದರೆ ಸದಸ್ಯರ ಸಂಘ. ಸದಸ್ಯರ ಮಹಾಸಭೆ ಆಡಳಿತ ಮಂಡಳಿಯನ್ನು ಚುನಾಯಿಸುತ್ತದೆ. ಹಣ ಬರುವುದು ಇಲಾಖೆಯಿಂದ ಅಥವಾ ಪ್ರಾಂತ್ಯದ ಆಡಳಿತದಿಂದ. ಏಷ್ಯಾ ಫುಟ್‌ಬಾಲ್ ಒಕ್ಕೂಟದ ಪರವಾನಗಿ ನಿಯಮಗಳಾದರೋ ಲೆಕ್ಕಪರಿಶೋಧನೆ, ಸಾಲ ತೀರಿಕೆ, ಯುವ ತಂಡಗಳು, ವೃತ್ತಿಪರ ಆಡಳಿತ ಇವುಗಳನ್ನು ಕೇಳುತ್ತವೆ. ಸಂಘದ ರೂಪ, ಸರ್ಕಾರಿ ಹಣ, ಕಂಪನಿಯ ಶಿಸ್ತು ಈ ಮೂರನ್ನೂ ಒಟ್ಟಿಗೆ ಹೊಂದಿಸುವುದು ಅಲ್-ಶುರ್ತಾದಂಥ ಬಲಿಷ್ಠ ಕ್ಲಬ್ಬಿಗೇ ಕಷ್ಟವೆಂದ ಮೇಲೆ ಮೂರನೇ, ನಾಲ್ಕನೇ ದರ್ಜೆಯ ಸಣ್ಣ ಊರುಗಳ ಕ್ಲಬ್‌ಗಳ ಪಾಡು ಊಹಿಸಬಹುದು. 2014ರಲ್ಲೂ 2020ರಲ್ಲೂ ತೈಲದ ಬೆಲೆ ಕುಸಿದಾಗ ಸರ್ಕಾರಿ ವೆಚ್ಚ ಕಡಿತವಾಯಿತು. ಅಂಥ ಕಡಿತದಲ್ಲಿ ಕ್ರೀಡೆಯ ಅನುದಾನ ಸಾಮಾನ್ಯವಾಗಿ ಮುಂಚೂಣಿಯಲ್ಲೇ ಇರುತ್ತದೆ.

ಬಸ್ರಾದ ದಕ್ಷಿಣಕ್ಕೆ ಫಾವ್‌ನಲ್ಲಿ ಈಗ ಹೊಸ ದೊಡ್ಡ ಬಂದರಿನ ಕಾಮಗಾರಿ ನಡೆಯುತ್ತಿದೆ. ದೇಶದ ಬಂದರುಗಳ ಕಂಪನಿ ಸಾರಿಗೆ ಸಚಿವಾಲಯದ ಅಡಿಯಲ್ಲಿದೆ, ಅದರ ಮುಖ್ಯ ಕಚೇರಿ ಈಗಲೂ ಮಾಕಿಲ್‌ನಲ್ಲೇ ಇದೆ. ಆ ಬಂದರು ಪೂರ್ಣವಾಗಿ ಆದಾಯ ತರತೊಡಗಿದಾಗ ಅದರ ಪಾಲು ಕ್ಲಬ್ಬಿಗೆ ಬರುವುದೋ, ಅಥವಾ ಅಷ್ಟರಲ್ಲಿ ಅಲ್-ಮೀನಾ ತನ್ನ ಟಿಕೆಟ್, ಪ್ರಾಯೋಜಕರು ಮತ್ತು ಎಳೆಯ ಆಟಗಾರರ ವರ್ಗಾವಣೆಯ ಹಣದಿಂದಲೇ ನಿಲ್ಲುವಂತಾಗುವುದೋ ಎಂಬುದನ್ನು ನೋಡಬೇಕಿದೆ. ಎರಡನೆಯದು ಸಾಧ್ಯವಾಗಬೇಕೆಂಬುದು ನನ್ನ ಆಸೆ, ಏಕೆಂದರೆ ಇರಾಕಿನ ಪ್ರಾಂತ್ಯಗಳಲ್ಲಿ ಅದನ್ನು ಸಾಧಿಸಬಲ್ಲಷ್ಟು ಅಭಿಮಾನಿಗಳಿರುವ ಕ್ಲಬ್‌ಗಳು ಬೆರಳೆಣಿಕೆಯಷ್ಟೇ ಇವೆ, ಮತ್ತು ಅವುಗಳಲ್ಲಿ ಬಸ್ರಾದ್ದು ಎಲ್ಲಕ್ಕಿಂತ ಮುಂದಿದೆ.